‘ಮನೆಯ ವಿದ್ಯುತ್ತಿನ ಲೆಕ್ಕ’ ಲೇಖನದ ಕುರಿತು

ಮಾನ್ಯರೇ,

ತಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಆದರೂ ಸುಮ್ಮನೆ ಹಿಂದಿರುಗಿಸಲು ಮನಸ್ಸು ಒಪ್ಪದ ಕಾರಣ ಇಷ್ಟನ್ನು ಬರೆಯುತ್ತಿದ್ದೇನೆ.

ಮೊದಲ ಒಂದೂವರೆ ಪುಟದ, ಜರ್ಮನ್ ಭೌತವಿಜ್ಞಾನಿ ಓಮ್ ಅವರ ಜೀವನಚರಿತ್ರೆ ಬೇಡ. 1827ರಲ್ಲಿ ಅವರು ವಿದ್ಯುತ್ ಪ್ರವಾಹದ ಕುರಿತ ತಮ್ಮ ನಿಯಮವನ್ನು ಪುಸ್ತಕರೂಪದಲ್ಲಿ ಹೊರತಂದರೆಂಬ ಒಂದು ವಾಕ್ಯ ಸಾಕು.

ಇಸ್ತ್ರಿಪೆಟ್ಟಿಗೆಯ ಉದಾಹರಣೆ ಅರ್ಧದವರೆಗೆ ಚೆನ್ನಾಗಿದೆ. ಅದರ ಮೇಲೆ 230 ವೋಲ್ಟ್, 1000 ವಾಟ್ ಎಂದಿದ್ದರೆ ಪ್ರವಾಹ ಸುಮಾರು 4.35 ಆಂಪಿಯರ್, ರೋಧ (ಪ್ರವಾಹಕ್ಕೆ ಸುರುಳಿ ಒಡ್ಡುವ ತಡೆ) ಸುಮಾರು 53 ಓಮ್, ಇದು ಸರಿ. ಆದರೆ ಸಂಜೆ ವೋಲ್ಟೇಜ್ 180ಕ್ಕೆ ಇಳಿದಾಗ ಸಾವಿರವನ್ನು 180ರಿಂದ ಭಾಗಿಸಿ, ಪೆಟ್ಟಿಗೆ 5.55 ಆಂಪಿಯರ್ ಎಳೆಯುತ್ತದೆ ಎಂದಿದ್ದೀರಿ. ಇಲ್ಲಿ ಬದಲಾಗದೆ ಉಳಿಯುವುದು ವಾಟ್ ಅಲ್ಲ, ಸುರುಳಿಯ ರೋಧ. ಆದ್ದರಿಂದ ಪ್ರವಾಹವೂ 3.4 ಆಂಪಿಯರಿಗೆ ಇಳಿದು, ಸಾಮರ್ಥ್ಯ ಸುಮಾರು 610 ವಾಟ್ ಮಾತ್ರ ಆಗುತ್ತದೆ. ವೋಲ್ಟೇಜ್ ಕಡಿಮೆಯಾದಾಗ ಇಸ್ತ್ರಿ ಸರಿಯಾಗಿ ಕಾಯುವುದಿಲ್ಲವೆಂಬುದು ಮನೆಮನೆಯ ಅನುಭವ. (ವೋಲ್ಟೇಜ್ ಇಳಿದಾಗ ಹೆಚ್ಚು ಪ್ರವಾಹ ಎಳೆದು ಸುರುಳಿ ಸುಟ್ಟುಕೊಳ್ಳುವುದು ಪಂಪ್‌ಸೆಟ್ಟಿನ ಮೋಟಾರು. ಆ ಮಾತು ಕೇಳಿ ತಾವು ಇಸ್ತ್ರಿಗೂ ಅನ್ವಯಿಸಿದಿರೇನೋ. ಮೋಟಾರಿನ ಲೆಕ್ಕವೇ ಬೇರೆ, ಈ ಲೇಖನದಲ್ಲಿ ಅದನ್ನು ಮುಟ್ಟಬೇಡಿ.)

ಲೇಖನದ ನಿಜವಾದ ಸರಕು ಇರುವುದು ತಾವು ಒಂದೇ ಸಾಲಿನಲ್ಲಿ ತಳ್ಳಿಹಾಕಿದ ಜಾಗದಲ್ಲಿ. 60 ವಾಟಿನ ಹಳೆಯ ತಂತಿಬಲ್ಬಿನ ರೋಧ ಲೆಕ್ಕದ ಪ್ರಕಾರ 882 ಓಮ್ ಬಂದರೂ ಮಲ್ಟಿಮೀಟರ್ 65 ಓಮ್ ತೋರಿಸಿತೆಂದು ಬರೆದು, ‘ಮೀಟರ್ ಕೆಟ್ಟಿರಬೇಕು’ ಎಂದು ಮುಗಿಸಿದ್ದೀರಿ. ಮೀಟರ್ ಕೆಟ್ಟಿಲ್ಲ. ಅದು ಅಳೆದದ್ದು ತಣ್ಣಗಿರುವ ಟಂಗ್‌ಸ್ಟನ್ ತಂತಿಯನ್ನು. ತಾವು ಲೆಕ್ಕ ಹಾಕಿದ್ದು 2000 ಡಿಗ್ರಿ ಸೆಲ್ಸಿಯಸ್ ಮೀರಿ ಕಾದು ಉರಿಯುತ್ತಿರುವ ಅದೇ ತಂತಿಯನ್ನು. ಲೋಹ ಕಾದಷ್ಟೂ ರೋಧ ಏರುತ್ತದೆ. ಸ್ವಿಚ್ ಒತ್ತಿದ ಕ್ಷಣ ಆ ಬಲ್ಬು ಮೂರೂವರೆ ಆಂಪಿಯರಿನಷ್ಟು ಎಳೆದು, ಕಣ್ಣು ಮಿಟುಕಿಸುವುದರೊಳಗೆ 0.26ಕ್ಕೆ ಇಳಿಯುತ್ತದೆ, ಹಳೆಯ ಬಲ್ಬುಗಳು ಹೆಚ್ಚಾಗಿ ಹಾಕಿದ ಕ್ಷಣದಲ್ಲೇ ಹೋಗುತ್ತಿದ್ದುದಕ್ಕೆ ಇದೂ ಒಂದು ಕಾರಣ. ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ರೋಧ ಸಿಗುವುದು ನಿಜ, ಆದರೆ ಎರಡೂ ಅಳತೆಗಳು ಒಂದೇ ಗಳಿಗೆಯವಾಗಿರಬೇಕು. ಇಸ್ತ್ರಿಯ ಸುರುಳಿ ನೈಕ್ರೋಮ್ (ನಿಕಲ್, ಕ್ರೋಮಿಯಂಗಳ ಮಿಶ್ರಲೋಹ) ಆದ್ದರಿಂದ, ಕಾದರೂ ಅದರ ರೋಧ ಹೆಚ್ಚು ಬದಲಾಗುವುದಿಲ್ಲ. ಹೀಗೆ ತಮ್ಮ ಎರಡು ಉದಾಹರಣೆಗಳು ಒಂದನ್ನೊಂದು ವಿವರಿಸುತ್ತವೆ.

ಭಾಷೆಯ ವಿಷಯದಲ್ಲಿ ಒಂದೇ ತಕರಾರು. ‘ಶಕ್ತಿ’ ಎಂಬ ಪದವನ್ನು ವಾಟಿಗೂ ಬಿಲ್ಲಿನ ಯೂನಿಟ್ಟಿಗೂ ಬಳಸಿದ್ದೀರಿ. ಪಠ್ಯಪುಸ್ತಕದ ರೂಢಿಯಂತೆ ವಾಟ್‌ಗೆ ‘ಸಾಮರ್ಥ್ಯ’, ಯೂನಿಟ್ಟಿಗೆ ‘ಶಕ್ತಿ’ ಎಂದೇ ಇರಲಿ. ‘ಗಂಟೆಗೆ 1000 ವಾಟ್’ ಎಂಬ ಪ್ರಯೋಗಕ್ಕೆ ಅರ್ಥವಿಲ್ಲ. 1000 ವಾಟಿನ ಪೆಟ್ಟಿಗೆ ಎಡೆಬಿಡದೆ ಒಂದು ಗಂಟೆ ಕಾದರೆ ಒಂದು ಯೂನಿಟ್.

ಬಲ್ಬಿನ 65 ಓಮ್‌ನಿಂದಲೇ ಲೇಖನವನ್ನು ಆರಂಭಿಸಿ, ನಾಲ್ಕು ಪುಟದೊಳಗೆ ಬರೆದು ಕಳುಹಿಸಿ. ಬಲ್ಬನ್ನು ಹೋಲ್ಡರಿನಿಂದ ಬಿಚ್ಚಿದ ಮೇಲೆಯೇ ಅಳೆಯಬೇಕೆಂಬ ಎಚ್ಚರಿಕೆಯನ್ನು ಅಡಿಟಿಪ್ಪಣಿಗೆ ತಳ್ಳದೆ, ಅಳತೆಯನ್ನು ಹೇಳುವ ವಾಕ್ಯದಲ್ಲೇ ಸೇರಿಸಿ.

ಇಂತು,
ಸಂಪಾದಕ