ಕಷ್ಟಕಾಲದಲ್ಲಿ ಮರುಭೂಮಿಯ ಕಾಡುಹೂವಿನಿಂದ ಏನು ಕಲಿಯಬಹುದು?

ಹೂವಿಗಿಂತ ಮೊದಲು ಅದರ ಬೀಜವನ್ನು ಗಮನಿಸಿ. ಅಮೆರಿಕದ ‘ಡೆತ್ ವ್ಯಾಲಿ’ ಎಂಬ ಮರುಭೂಮಿ ಕಣಿವೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 5 ಸೆಂ.ಮೀ. ಮಳೆ. ಅಲ್ಲಿನ ‘ಡೆಸರ್ಟ್ ಗೋಲ್ಡ್’ ಎಂಬ ಹಳದಿ ಹೂವಿನ ಬೀಜಗಳು ವರ್ಷಗಟ್ಟಲೆ ಮಣ್ಣಿನಲ್ಲಿ ಸುಮ್ಮನಿರುತ್ತವೆ. ಇಂಥ ಎಷ್ಟೋ ಮರುಭೂಮಿ ಗಿಡಗಳ ಬೀಜಗಳಲ್ಲಿ ಮೊಳಕೆಯನ್ನು ತಡೆಯುವ ರಾಸಾಯನಿಕಗಳಿರುತ್ತವೆ. ಚೆನ್ನಾಗಿ ಮಳೆಯಾಗಿ ಅವು ತೊಳೆದುಹೋದ ಮೇಲೆಯೇ ಚಿಗುರು. ನಾಲ್ಕು ಹನಿಗೆ ಈ ಬೀಜಗಳು ಮೋಸಹೋಗುವುದಿಲ್ಲ. ಒಳ್ಳೆಯ ಮಳೆ ಬಂದರೂ ಎಲ್ಲ ಬೀಜಗಳೂ ಒಟ್ಟಿಗೇ ಮೊಳೆಯುವುದಿಲ್ಲ, ಕೆಲವು ಮುಂದಿನ ವರ್ಷಗಳಿಗೆ ಉಳಿದುಕೊಳ್ಳುತ್ತವೆ. 2005 ಮತ್ತು 2016ರಲ್ಲಿ ಆ ಕಣಿವೆ ಹೊನ್ನಿನ ಬಣ್ಣಕ್ಕೆ ತಿರುಗಿದ್ದು ಹೀಗೆ.

ಸೋತು ಕೂತವರಿಗೆ ‘ಹಲ್ಲುಕಚ್ಚಿ ಮುನ್ನುಗ್ಗು’ ಎನ್ನುವವರೇ ಹೆಚ್ಚು. ನನಗೆ ಈ ಬೀಜಗಳ ಲೆಕ್ಕಾಚಾರವೇ ಹೆಚ್ಚು ಧೈರ್ಯ ಕೊಡುತ್ತದೆ. ದಣಿದಿದ್ದರೆ ಸಂಕೋಚಪಡದೆ ನಿಲ್ಲಿ. ಅವಕಾಶ ಬಂದಾಗಲೂ ಇರುವ ಬಲವನ್ನೆಲ್ಲ ಒಂದೇ ಸಲ ಸುರಿಯಬೇಡಿ. ಅದು ಕೈಕೊಟ್ಟರೆ ಇನ್ನೊಮ್ಮೆ ಶುರುಮಾಡಲು ಸ್ವಲ್ಪ ಉಳಿದಿರಲಿ.