ಯುವಜನರ ಸೇವೆಗೆ ನಾನು ಸಾಕಾ? – ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಪ್ರಿಯ ಓದುಗರೇ,

ನಿಮ್ಮ ಪತ್ರ ಉದ್ದವಾಗಿದೆ, ಹಾಗಾಗಿ ಉಳಿದವರಿಗೆ ಅದರ ಸಾರ ಮಾತ್ರ ಹೇಳಿಬಿಡುತ್ತೇನೆ. ನಿಮಗೆ 24 ವರ್ಷ. ನಿಮ್ಮ ಕಥೋಲಿಕ ಧರ್ಮಕೇಂದ್ರದ, ಅಂದರೆ ಚರ್ಚಿನ, ಗುರುಗಳು ಕರೆದು, "ಯುವಜನರ ಜವಾಬ್ದಾರಿ ನೀನೇ ತಗೋಮ್ಮ" ಅಂದಿದ್ದಾರೆ. ನಿಮಗೆ ಆಸೆ ಇದೆ, ಭಯವೂ ಇದೆ. ದೈವಶಾಸ್ತ್ರ ಓದಿಲ್ಲ. ಮೈಕ್ ಹಿಡಿದರೆ ಕೈ ನಡುಗುತ್ತದೆ. ಕೆಲವೊಮ್ಮೆ ನಿಮ್ಮ ವಿಶ್ವಾಸವೇ ಅಲ್ಲಾಡುತ್ತದೆ. ಇದರಿಂದ ಹೊಟ್ಟೆ ತುಂಬುತ್ತಾ ಅಂತ ಮನೆಯಲ್ಲಿ ಕೇಳುತ್ತಿದ್ದಾರೆ. ಕನ್ಯಾಸ್ತ್ರೀ ಆಗುವವರು ಮಾಡುವ ಕೆಲಸ ಇದು, ನಿನಗ್ಯಾಕೆ ಅಂತ ಗೆಳತಿ ಹೇಳಿದ್ದಾಳೆ. ಕೊನೆಗೆ ಒಂದೇ ಪ್ರಶ್ನೆ: ನನ್ನಂಥವಳು ಯುವಜನರ ಸೇವಕಿ ಆಗಬಹುದಾ?

ಆಗಬಹುದು. ಗೆಳತಿಯ ಮಾತಿನಿಂದಲೇ ಶುರುಮಾಡೋಣ, ಅದಕ್ಕೆ ಉತ್ತರ ಚಿಕ್ಕದು. 1983ರ ಧರ್ಮಸಭೆಯ ಕಾನೂನು ಸಂಹಿತೆ, ಅದರ 225ನೇ ವಿಧಿ ನೋಡಿ. ದೀಕ್ಷಾಸ್ನಾನ ಮತ್ತು ದೃಢೀಕರಣ ಪಡೆದ ಶ್ರೀಸಾಮಾನ್ಯರಿಗೆ, ಅಂದರೆ ಗುರುದೀಕ್ಷೆ ಪಡೆಯದ ವಿಶ್ವಾಸಿಗಳಿಗೆ, ಶುಭಸಂದೇಶ ಸಾರುವ ಕರ್ತವ್ಯವೂ ಇದೆ, ಹಕ್ಕೂ ಇದೆ ಅಂತ ಅದು ಹೇಳುತ್ತದೆ. ಗುರುಗಳು ನಿಮಗೆ ಯಾವುದೋ ದೊಡ್ಡ ಉಪಕಾರ ಮಾಡುತ್ತಿಲ್ಲ. ನೀವೂ ಅವರ ಕೆಲಸದಲ್ಲಿ ಕೈ ಹಾಕುತ್ತಿಲ್ಲ.

ಇನ್ನು ಮೈಕ್. ಯುವಜನರ ಸೇವೆ ಅಂದಕೂಡಲೇ ನಮಗೆಲ್ಲ ವೇದಿಕೆ, ಗಿಟಾರ್, ಆಟ, ಕುಣಿತ, ಅಬ್ಬರ ನೆನಪಾಗುತ್ತದೆ, ಮಾತಿನ ಮಲ್ಲರಾದರೆ ಮಾತ್ರ ಇಲ್ಲಿ ಜಾಗ ಅನ್ನೋ ಭಾವನೆ ಬಂದುಬಿಡುತ್ತದೆ, ಆಮೇಲೆ ನಿಮ್ಮಂಥವರು ಹಿಂದೆ ಸರಿಯುತ್ತಾರೆ. ನನಗೆ ಇದು ನಿಜಕ್ಕೂ ಬೇಸರ ತರಿಸುವ ವಿಷಯ. ಯಾಕೆಂದರೆ ಈ ಸೇವೆಯ ತುಂಬ ಒಳ್ಳೆಯ ಉದಾಹರಣೆ ಒಬ್ಬನೇ ಒಬ್ಬ ಹುಡುಗನ ಜೊತೆ ಶುರುವಾದದ್ದು.

1841ರ ಡಿಸೆಂಬರ್ 8, ಇಟಲಿಯ ಟ್ಯೂರಿನ್. ಅದೇ ವರ್ಷ ಗುರುದೀಕ್ಷೆ ಪಡೆದಿದ್ದ ಜಾನ್ ಬಾಸ್ಕೊ ಬಲಿಪೂಜೆಗೆ ಸಿದ್ಧರಾಗುತ್ತಿದ್ದರು. ಪೂಜಾವಸ್ತ್ರ ತೊಡುವ ಕೋಣೆಗೆ ಒಬ್ಬ ಹುಡುಗ ಬಂದು ಸುಮ್ನೆ ನಿಂತ. ಚರ್ಚಿನ ಕೆಲಸದವನು ಪೂಜೆಗೆ ಸಹಾಯ ಮಾಡು ಅಂದ. ಹುಡುಗ ನನಗೆ ಬರಲ್ಲ ಅಂದ. ಅಷ್ಟಕ್ಕೇ ಆ ಕೆಲಸದವನು ಅವನನ್ನು ಹೊಡೆದು ಓಡಿಸಿದ. ಬಾಸ್ಕೊ ತಡೆದರು. ಅವನು ನನ್ನ ಸ್ನೇಹಿತ, ಈಗಲೇ ಕರೆದುಕೊಂಡು ಬಾ ಅಂದರು. ಆ ಹುಡುಗ ಯಾರು ಅಂತಲೇ ಅವರಿಗೆ ಗೊತ್ತಿರಲಿಲ್ಲ! ಪೂಜೆಯಾದ ಮೇಲೆ ಅವನನ್ನು ಕೂರಿಸಿಕೊಂಡು ಮಾತಾಡಿಸಿದರು. ಹೆಸರು ಬಾರ್ತಲೋಮಿಯೋ ಗರೆಲ್ಲಿ. 16 ವರ್ಷ. ಗಾರೆ ಕೆಲಸ. ಅಪ್ಪ? ಇಲ್ಲ. ಅಮ್ಮ? ಇಲ್ಲ. ಓದು ಬರಹ? ಇಲ್ಲ. ಹಾಡೋಕೆ ಬರುತ್ತಾ? ಇಲ್ಲ. ಸಿಳ್ಳೆ ಹೊಡೆಯೋಕೆ ಬರುತ್ತಾ? ಹುಡುಗ ನಕ್ಕ. ಆ ಸಿಳ್ಳೆಯ ಪ್ರಶ್ನೆಯನ್ನು ಬಾಸ್ಕೊ ಬಳಗದವರು ಇವತ್ತಿಗೂ ನೆನೆಯುತ್ತಾರೆ. ಅದಾದ ಮೇಲೆ ಶಿಲುಬೆಯ ಗುರುತು ಹಾಕುವುದನ್ನು ಕಲಿಸಿದರು. ಕ್ರಮೇಣ ಬೇರೆ ಹುಡುಗರೂ ಬರತೊಡಗಿದರು.

ಈ ಕ್ರಮವನ್ನು ಗಮನಿಸಿ. ಮೊದಲು ಸ್ನೇಹಿತ ಅಂದರು, ಆಮೇಲೆ ಕೇಳಿದರು, ಅವನಿಗೆ ಬರುವಂಥದ್ದು ಒಂದಾದರೂ ಸಿಗುವ ತನಕ ಕೇಳಿದರು, ಉಪದೇಶ ಬಂದದ್ದು ಕೊನೆಗೆ. ಇದಕ್ಕೆ ಮೈಕ್ ಬೇಕಾ? ಲೂಕನ ಶುಭಸಂದೇಶದ 24ನೇ ಅಧ್ಯಾಯದಲ್ಲಿ ಎಮ್ಮಾವು ಅನ್ನೋ ಊರಿನ ದಾರಿಯಲ್ಲಿ, ಸತ್ತು ಮತ್ತೆ ಎದ್ದ ಯೇಸುಸ್ವಾಮಿ ಮಾಡಿದ್ದೂ ಇದನ್ನೇ ಅಲ್ವಾ? ಯೇಸು ಸತ್ತರು ಅಂತ ಇಬ್ಬರು ಶಿಷ್ಯರು ಸೋತು ಜೆರುಸಲೇಮ್ ಬಿಟ್ಟು ಹೊರಟಿದ್ದಾರೆ. ಅವರು ಹೋಗುತ್ತಿದ್ದ ದಿಕ್ಕೇ ತಪ್ಪು. ಆದರೂ ಯೇಸು ಅವರ ಜೊತೆ ಅದೇ ದಿಕ್ಕಿಗೆ ನಡೆಯುತ್ತಾರೆ, ಏನು ಮಾತಾಡುತ್ತಿದ್ದೀರಿ ಅಂತ ಕೇಳುತ್ತಾರೆ, ಪೂರ್ತಿ ಕೇಳಿಸಿಕೊಂಡ ಮೇಲೆ ಬಾಯಿ ತೆರೆಯುತ್ತಾರೆ. 2018ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಯುವಜನರ ಬಗ್ಗೆ ನಡೆದ ಸಿನೋಡ್, ಅಂದರೆ ಬಿಷಪ್ಪರ ಮಹಾಸಭೆ ಕೂಡ ಇದೇ ಪ್ರಸಂಗವನ್ನು ಮಾದರಿಯಾಗಿ ಇಟ್ಟುಕೊಂಡಿತ್ತು.

ನಿಮ್ಮ ಸಭೆಯಲ್ಲೂ ಒಬ್ಬ ಹುಡುಗ ಇರುತ್ತಾನೆ. ಎರಡು ಗಂಟೆ ಒಂದು ಮಾತೂ ಆಡಿರುವುದಿಲ್ಲ. ಎಲ್ಲರೂ ಹೋದ ಮೇಲೆ ಕುರ್ಚಿ ಜೋಡಿಸುವ ನೆಪದಲ್ಲಿ ಉಳಿದುಕೊಳ್ಳುತ್ತಾನೆ. ಒಂದು ಕುರ್ಚಿ ಎತ್ತಿಡುತ್ತಾನೆ, ಬಾಗಿಲ ಕಡೆ ನೋಡುತ್ತಾನೆ, ಇನ್ನೊಂದು ಎತ್ತಿಡುತ್ತಾನೆ. ಆ ಹೊತ್ತಿಗೆ ನೀವು ಫೋನ್ ನೋಡುತ್ತಾ ಲೆಕ್ಕಪತ್ರ ಬರೆಯುತ್ತಾ ಕೂತರೆ ಅವನು ಹೊರಟುಹೋಗುತ್ತಾನೆ. ನೀವೂ ನಾಲ್ಕು ಕುರ್ಚಿ ಎತ್ತಿದರೆ ಮಾತು ಬರುತ್ತದೆ. ಸಭೆಯಲ್ಲಿ ಎಷ್ಟು ಜನ ಸೇರಿದ್ದರು ಅನ್ನೋದಕ್ಕಿಂತ ಇದು ನನಗೆ ಜಾಸ್ತಿ ಮುಖ್ಯ ಅನಿಸುತ್ತದೆ. ಗುರುಗಳು ಸಂಖ್ಯೆ ಕೇಳಿದರೆ ಹೇಳಿ, ತಪ್ಪಿಲ್ಲ, ಆದರೆ ಹೆಸರುಗಳನ್ನೂ ಹೇಳುವಂತಿರಿ.

ಆದರೆ ಇಲ್ಲೇ ಒಂದು ಗಟ್ಟಿ ಮಾತು. ಆ ಹುಡುಗನ ಜೊತೆ ಮಾತಾಡುವಾಗ ಬಾಗಿಲು ತೆರೆದಿರಲಿ, ಇನ್ನೊಬ್ಬ ದೊಡ್ಡವರು ಕಣ್ಣಳತೆಯಲ್ಲಿರಲಿ. 18 ತುಂಬದವರಿಗೆ ರಾತ್ರಿ ಹೊತ್ತು ಖಾಸಗಿಯಾಗಿ ಮೆಸೇಜ್ ಕಳಿಸುವುದು ಬೇಡ. ಅವರ ಜೊತೆ ಯಾವ ಗ್ರೂಪಿನಲ್ಲಿ ಮಾತಾಡುತ್ತೀರಿ ಅಂತ ತಂದೆತಾಯಿಗೆ ಗೊತ್ತಿರಲಿ. "ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ, ಆಗ ಹೇಳ್ತೀನಿ" ಅಂದರೆ ಆಣೆ ಮಾಡಬೇಡಿ. ಪಾಪನಿವೇದನೆಯ ಗುಟ್ಟು ಕಾಯುವ ಕಟ್ಟು ಗುರುಗಳದ್ದು, ನಿಮ್ಮದಲ್ಲ. "ನಿನಗೆ ಅಪಾಯ ಇದೆ ಅನಿಸಿದರೆ ಸಹಾಯ ಮಾಡಬಲ್ಲವರಿಗೆ ನಾನು ಹೇಳಲೇಬೇಕಾಗುತ್ತೆ" ಅಂತ ಮೊದಲೇ ಹೇಳಿಬಿಡಿ. ಮಕ್ಕಳ ಮೇಲಿನ ದೌರ್ಜನ್ಯವನ್ನು ಮುಚ್ಚಿಟ್ಟು ಧರ್ಮಸಭೆ ಎಷ್ಟು ಜೀವಗಳನ್ನು ನೋಯಿಸಿದೆ ಅನ್ನೋದು ಜಗತ್ತಿಗೇ ಗೊತ್ತು. 2019ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ಆದೇಶದ ಪ್ರಕಾರ ಪ್ರತಿ ಧರ್ಮಪ್ರಾಂತ್ಯದಲ್ಲೂ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶದಲ್ಲೂ, ದೂರು ಕೊಡಲು ಜನರ ಕೈಗೆಟುಕುವ ವ್ಯವಸ್ಥೆ ಇರಲೇಬೇಕು. ನಿಮ್ಮಲ್ಲಿ ಅದು ಎಲ್ಲಿದೆ, ಯಾರಿಗೆ ಫೋನ್ ಮಾಡಬೇಕು, ಮೊದಲ ಸಭೆಗೆ ಮುಂಚೆಯೇ ತಿಳಿದುಕೊಳ್ಳಿ. ನಿಮ್ಮ ಹಿನ್ನೆಲೆ ಪರಿಶೀಲನೆ ಆಗಬೇಕು ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಯಾರೂ ಕೇಳದಿದ್ದರೆ, ಯಾಕೆ ಕೇಳಲಿಲ್ಲ ಅಂತ ನೀವೇ ವಿಚಾರಿಸಿ.

ನಿಮ್ಮ ವಿಶ್ವಾಸ ಅಲ್ಲಾಡುವ ವಿಷಯಕ್ಕೆ ಬರೋಣ. ಆ ಸಿನೋಡಿಗೆ ಮುಂಚೆ, 2018ರ ಮಾರ್ಚಿನಲ್ಲಿ, ಯುವಜನರೇ ರೋಮಿನಲ್ಲಿ ಸೇರಿ ತಮಗೆ ಎಂಥ ಮಾರ್ಗದರ್ಶಕರು ಬೇಕು ಅಂತ ಹೇಳಿದ್ದರು. ಮುಂದಿನ ವರ್ಷ ಬಂದ ಪೋಪ್ ಫ್ರಾನ್ಸಿಸ್ ಅವರ "ಕ್ರಿಸ್ತುಸ್ ವೀವಿತ್" ಪತ್ರದಲ್ಲಿ ಆ ಮಾತುಗಳು ಹಾಗೇ ಬಂದಿವೆ. ಮಾರ್ಗದರ್ಶಕರನ್ನು ಎತ್ತರದ ಪೀಠದಲ್ಲಿ ಕೂರಿಸಬೇಡಿ, ಅವರೂ ತಪ್ಪು ಮಾಡುವ ಮನುಷ್ಯರು, ಕ್ಷಮೆ ಪಡೆದ ಪಾಪಿಗಳು ಅನ್ನೋದು ಅದರ ತಾತ್ಪರ್ಯ. ಹಾಗಂತ ನಿಮ್ಮ ಸಂಶಯವನ್ನೆಲ್ಲ ಹುಡುಗರ ಮೇಲೆ ಸುರಿಯಬೇಡಿ, ಅವರು ನಿಮ್ಮ ಭಾರ ಹೊರುವವರಲ್ಲ. ಅದಕ್ಕೆ ನಿಮಗೊಬ್ಬ ಆಧ್ಯಾತ್ಮಿಕ ಮಾರ್ಗದರ್ಶಕರು ಬೇಕು. ಭಾನುವಾರ ನೀವು ಬಲಿಪೂಜೆಯಲ್ಲಿ ಓಡಾಡಿಕೊಂಡೇ ಇರಬೇಡಿ, ಕೂತು ಪ್ರಾರ್ಥಿಸಿ. ಓಡಾಟವೇ ಪ್ರಾರ್ಥನೆ ಅಂತ ನಂಬಿಕೊಂಡವರು ಬೇಗ ಬತ್ತಿಹೋಗುತ್ತಾರೆ.

ಓದು ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ದೇವರು ಇದ್ದರೆ ನನ್ನ ತಂಗಿಗೆ ಕಾಯಿಲೆ ಯಾಕೆ ಬಂತು ಅಂತ ಹುಡುಗಿಯೊಬ್ಬಳು ಕೇಳಿದಾಗ ಪುಸ್ತಕದ ಉತ್ತರ ಸಾಲುವುದಿಲ್ಲ ನಿಜ, ಆದರೆ ಧರ್ಮಸಭೆ ಏನು ಹೇಳುತ್ತದೆ ಅನ್ನೋದೇ ಗೊತ್ತಿಲ್ಲದೆ ಬಾಯಿಗೆ ಬಂದದ್ದು ಹೇಳಿದರೆ ಗಾಯ ಇನ್ನೂ ಆಳವಾಗುತ್ತದೆ. ಶುಭಸಂದೇಶಗಳನ್ನು ಓದಿ, ಧರ್ಮಸಭೆಯ ಬೋಧನೆಗಳಿರುವ ಧರ್ಮೋಪದೇಶ ಗ್ರಂಥ ಓದಿ, ಧರ್ಮಪ್ರಾಂತ್ಯದ ತರಬೇತಿ ಇದ್ದರೆ ಸೇರಿ. ಗೊತ್ತಿಲ್ಲದಿದ್ದರೆ "ಕೇಳಿಕೊಂಡು ಬರ್ತೀನಿ" ಅನ್ನಿ, ಮತ್ತೆ ನಿಜವಾಗಿಯೂ ಕೇಳಿಕೊಂಡು ಬನ್ನಿ.

ಮನೆಯವರ ಪ್ರಶ್ನೆ ನ್ಯಾಯವಾದದ್ದು. ಕೆಲವು ದೇಶಗಳಲ್ಲಿ ಇದು ಪದವಿ ಕೇಳುವ, ಸಂಬಳದ ಪೂರ್ಣಾವಧಿ ಕೆಲಸ. ಬಹಳ ಕಡೆ ಬಿಡುವಿನ ಹೊತ್ತಿನ ಉಚಿತ ಸೇವೆ. ಮೊದಲು ಹೇಳಿದ ಕಾನೂನು ಸಂಹಿತೆಯ 231ನೇ ವಿಧಿ ತರಬೇತಿ, ಸಂಭಾವನೆ ಎರಡನ್ನೂ ಹೇಳುತ್ತದೆ: ಇಂಥ ವಿಶೇಷ ಸೇವೆಗೆ ನೇಮಕವಾದ ಶ್ರೀಸಾಮಾನ್ಯರು ತಕ್ಕ ತರಬೇತಿ ಪಡೆಯಬೇಕು, ತಮ್ಮ ಮತ್ತು ಕುಟುಂಬದ ಅಗತ್ಯಕ್ಕೆ ಸಾಕಾಗುವ ಸಂಭಾವನೆ ಅವರ ಹಕ್ಕು. ನಿಮ್ಮಿಂದ ಪೂರ್ತಿ ವಾರ ಕೇಳುತ್ತಿದ್ದರೆ ಸಂಬಳದ ಮಾತು ಎತ್ತುವುದು ಸ್ವಾರ್ಥವಲ್ಲ. ವಾರಕ್ಕೊಂದು ಸಂಜೆ ಅಂದರೆ ಉದ್ಯೋಗ ಬಿಡಬೇಡಿ.

ಗುರುಗಳಿಗೆ ಹೂಂ ಅನ್ನುವ ಮುಂಚೆ ಕೂತು ಮಾತಾಡಿ. ಎಷ್ಟು ಹೊತ್ತು, ಎಷ್ಟು ವರ್ಷ, ಖರ್ಚು ಯಾರದ್ದು ಅಂತ ಕಾಗದದ ಮೇಲೆ ಬರಲಿ. ಜೊತೆಗೆ ಇನ್ನೊಬ್ಬ ದೊಡ್ಡವರನ್ನು ಕೊಡಿ ಅಂತ ಹಟ ಹಿಡಿಯಿರಿ. ಕಾರ್ಯಕ್ರಮ ಏನಿರಬೇಕು ಅನ್ನೋದನ್ನು ನೀವಿಬ್ಬರೇ ತೀರ್ಮಾನ ಮಾಡಬೇಡಿ, ಹುಡುಗ ಹುಡುಗಿಯರನ್ನೇ ಕೇಳಿ, ಅವರೇ ನಡೆಸಲಿ, ಹಾಳಾದರೂ ಸರಿ ಒಂದೆರಡು ಸಲ ನಡೆಸಲಿ. ಮೊದಲ ಸಭೆಯಲ್ಲಿ ಅವರು ಕೇಳಿದ ಪ್ರಶ್ನೆಗಳನ್ನು, ಹೆಸರು ಬಿಟ್ಟು, ನಮಗೆ ಬರೆದು ಕಳಿಸಿ. ತಿಳಿದವರಿಂದ ಉತ್ತರ ಬರೆಸಿ ಅಚ್ಚು ಹಾಕುತ್ತೇವೆ.

– ಸಂಪಾದಕ