ಬೇರುಗಳ ಮೇಲೆ ಜಾರುವ ಚಕ್ರ, ಕಾದ ಬ್ರೇಕು

ಪ್ರಶ್ನೆ: ಅಮೆರಿಕದ ಮೋಆಬ್ ಬಳಿಯ ಬರ್ರೋ ಪಾಸ್ ಎಂಬ ಬೆಟ್ಟದ ಕಣಿವೆದಾರಿಯಿಂದ ಮೌಂಟನ್ ಬೈಕಿನಲ್ಲಿ ಕಾಡಿನೊಳಗೆ ಇಳಿಯುವಾಗ ಬ್ರೇಕು ಹಿಡಿಯುವುದೇ ಕಡಿಮೆಯಾಯಿತು. ಮರದ ಬೇರಿನ ಮೇಲೆ ಮುಂದಿನ ಚಕ್ರವೂ ಜಾರಿತು. ಏನು ಮಾಡಬೇಕು?
– ಓದುಗರೊಬ್ಬರು, ಡೆನ್ವರ್

ಉತ್ತರ: ಮೊದಲು ಬ್ರೇಕ್ ಲಿವರ್ ಒತ್ತಿ ನೋಡಿ. ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಚಕ್ರದ ಡಿಸ್ಕನ್ನು (ಲೋಹದ ಬಿಲ್ಲೆಯನ್ನು) ಒತ್ತಿ ಹಿಡಿಯುವ ಪ್ಯಾಡ್ ಕಾದು ಮೇಲ್ಮೈ ಗಾಜಿನಂತೆ ನುಣುಪಾಗಿದೆ. ಲಿವರ್ ಮೆತ್ತಗಾಗಿ ಹ್ಯಾಂಡಲ್‌ವರೆಗೆ ಬಂದರೆ ಬ್ರೇಕಿನ ಎಣ್ಣೆ ಕುದಿದಿದೆ, ಇಲ್ಲವೇ ಒಳಗೆ ಗಾಳಿ ಸೇರಿದೆ. ಆಗ ಕೂಡಲೇ ಇಳಿದು ತಳ್ಳಿಕೊಂಡು ಬನ್ನಿ. ಸುಮಾರು 3,400 ಮೀಟರ್ ಎತ್ತರದಿಂದ ಇಳಿಯುವಾಗ ಬ್ರೇಕನ್ನು ಹಗುರವಾಗಿ ಹಿಡಿದೇ ಇರುವುದು ದೊಡ್ಡ ತಪ್ಪು. ಡಿಸ್ಕಿಗೆ ಆರಲು ಬಿಡುವೇ ಸಿಗುವುದಿಲ್ಲ. ತಿರುವಿಗೆ ಮೊದಲು, ನೇರ ದಾರಿಯಲ್ಲಿ ಗಟ್ಟಿಯಾಗಿ ಹಿಡಿದು ಪೂರ್ತಿ ಬಿಡಿ. 200 ಮಿ.ಮೀ. ಡಿಸ್ಕು, ಲೋಹದ ಪ್ಯಾಡು ಹಾಕಿಸಿದರೆ ಉತ್ತಮ. ಬಿಸಿ ಡಿಸ್ಕನ್ನು ಕೈಯಿಂದ ಮುಟ್ಟಬೇಡಿ.

ಬೇರಿನ ವಿಷಯ. ಒದ್ದೆ ಬೇರಿನ ತೊಗಟೆ ಸೋಪಿನಂತೆ. ಅದರ ಮೇಲೆ ಬ್ರೇಕ್ ಹಿಡಿದರೆ, ಹ್ಯಾಂಡಲ್ ತಿರುಗಿಸಿದರೆ ಚಕ್ರ ಬೇರಿನ ಜಾಡಿನಲ್ಲೇ ಜಾರುತ್ತದೆ. ಆದಷ್ಟು ಅಡ್ಡವಾಗಿ, ಲಂಬ ಕೋನದಲ್ಲಿ ದಾಟಿ. ಸೀಟು ಪೂರ್ತಿ ಕೆಳಗಿರಲಿ, ಪೆಡಲ್ ಎರಡೂ ಸಮಮಟ್ಟದಲ್ಲಿರಲಿ, ಮೊಣಕೈ ಮಡಚಿರಲಿ. ಹೆದರಿ ಹಿಂದಕ್ಕೆ ವಾಲಿದರೆ ಮುಂದಿನ ಚಕ್ರದ ಮೇಲೆ ಭಾರವೇ ಉಳಿಯದು, ಹಿಡಿತ ಹೋಗುತ್ತದೆ.

75 ಕೆ.ಜಿ. ತೂಕದವರು 2.4 ಇಂಚಿನ ಟ್ಯೂಬ್‌ಲೆಸ್ ಟೈರಿಗೆ ಮುಂದೆ 22, ಹಿಂದೆ 25 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಟ್ಟು ಶುರು ಮಾಡಿ. ರಿಮ್ಮಿಗೆ ಕಲ್ಲು ಬಡಿದರೆ ಒಂದೆರಡು ಹೆಚ್ಚಿಸಿ. ಬರ್ರೋ ಪಾಸ್‌ನ ಮೇಲ್ಭಾಗದಲ್ಲಿ ಜೂನ್ ಕೊನೆಯವರೆಗೂ ಹಿಮ ಉಳಿದಿರುವುದುಂಟು, ಕರಗಿದ ಮೇಲೂ ಕೆಸರು. ಒಣಗುವವರೆಗೆ ಆ ದಾರಿಯನ್ನು ಬಿಟ್ಟುಬಿಡಿ. ಚಕ್ರ ಕೊರೆದ ಜಾಡಿನಲ್ಲಿ ನೀರು ಹರಿದು ಮಣ್ಣೇ ಕೊಚ್ಚಿಹೋಗುತ್ತದೆ.